ಟೀಸಲ್ ನಲವತ್ತೊಂದು

ಎರಡು ತಂತಿ ಕತ್ತರಿಸಿ ಮೂರನೆಯದಕ್ಕೆ ಉಗುರುಕತ್ತರಿ ಇಟ್ಟಿದ್ದ, ಅಷ್ಟರಲ್ಲಿ ಹಿಂದಿನಿಂದ ಮಗಳ ದನಿ ಕೇಳಿತು.

"ಅಪ್ಪಾ, ಅಲ್ಲೇನ್ ಮಾಡ್ತಿದೀಯ?"

ವಿಂಟನ್ ಪಿನ್ನಾಕ್‌ನ ಜೀವ ಬಾಯಿಗೆ ಬಂತು. ಎಂಬತ್ತೊಂದು ವರ್ಷದ ಮನುಷ್ಯ, ಹೊಸ ಕಪ್ಪು ಸೂಟು ಹಾಕಿಕೊಂಡು ಚರ್ಚಿನ ದೊಡ್ಡ ಸ್ಪೀಕರಿನ ಹಿಂದೆ ಮಂಡಿಯೂರಿ ಕೂತಿದ್ದಾನೆ. ಇನ್ನೊಂದು ಗಂಟೆಗೆ ಹೆಂಡತಿಯ ಶವಪೆಟ್ಟಿಗೆ ಒಳಗೆ ಬರಬೇಕು. ಏನೆಂದು ಹೇಳುವುದು?

"ಉಂಗುರ ಬಿತ್ತು," ಎಂದ.

"ಉಂಗುರ ನಿನ್ ಬೆರಳಲ್ಲೇ ಇದೆಯಲ್ಲ."

"ಹೌದಾ? ಸರಿ ಬಿಡು, ಸಿಕ್ತು."

ಅಯೋನಿ ನಗಲಿಲ್ಲ. ಇಪ್ಪತ್ತು ವರ್ಷದಿಂದ ಲಂಡನ್ನಿನ ಬಸ್ಸು ಓಡಿಸುವ ಹೆಣ್ಣು ಅವಳು. ಹತ್ತುವವರ ಮುಖ ನೋಡಿಯೇ ಯಾರು ಟಿಕೆಟ್ ಕಳ್ಳ ಎಂದು ಹೇಳುತ್ತಾಳೆ. ಆದರೆ ಅಪ್ಪನ ಮುಖದಲ್ಲಿ ಅವಳಿಗೆ ಕಂಡದ್ದು ದುಃಖ ಮಾತ್ರ. ಕಂಕುಳಿಗೆ ಕೈಕೊಟ್ಟು ಎಬ್ಬಿಸಿ, ಮಂಡಿಯ ಧೂಳು ಕೊಡವಿದಳು.

"ಅಮ್ಮನ ಹಾಡು ಕೇಳಕ್ಕೆ ಹೆದರಿಕೆ, ಅಲ್ವಾ ನಿಂಗೆ?"

"ಹೂಂ," ಎಂದ. ಅದು ಸುಳ್ಳೇನೂ ಅಲ್ಲ. ಹೆದರಿಕೆ ಯಾವುದರದ್ದು ಎಂಬುದನ್ನಷ್ಟೇ ಅವನು ಹೇಳಲಿಲ್ಲ.

ಹಾರ್ಲ್ಸ್‌ಡನ್ನಿನ ಆ ಬೀದಿಗಳಲ್ಲಿ ಐಸಿಲ್ಡ ಪಿನ್ನಾಕ್ ಎಂದರೆ ಗೊತ್ತಿಲ್ಲದವರಿಲ್ಲ. ಆಸ್ಪತ್ರೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಗಂಜಿ ಕಾಯಿಸಿದವಳು ಎಂದಲ್ಲ. ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ಟೀಸಲ್ ಕಂಪನಿಯವರು ಅವಳ ರೆಕಾರ್ಡು ಮಾಡಿದ್ದರು, ಆರು ವಾರ ಅದು ರೇಡಿಯೋದಲ್ಲಿ ಬಂದಿತ್ತು, ಎಂದು. 'ಮಂಗಳವಾರದ ತನಕ ನಿಲ್ಲು'. ಒಂದೇ ಹಾಡು. ಇವತ್ತು ಪಾದ್ರಿಯ ಪ್ರಸಂಗ ಮುಗಿದ ಕೂಡಲೇ ಅದನ್ನು ಹಾಕುವುದೆಂದು ಅಯೋನಿ ಕಾರ್ಯಕ್ರಮದ ಹಾಳೆಯಲ್ಲಿ ಅಚ್ಚು ಹಾಕಿಸಿದ್ದಳು.

ಆ ಹಾಡಿನಲ್ಲಿರುವ ದನಿ ಐಸಿಲ್ಡಳದ್ದಲ್ಲ. ನಲವತ್ತೊಂಬತ್ತು ವರ್ಷದಿಂದ ವಿಂಟನ್‌ಗೆ ಇದು ಗೊತ್ತು. ಐಸಿಲ್ಡಳಿಗೂ ಗೊತ್ತಿತ್ತು, ಅವಳು ಹೋದಳು. ಇನ್ನೊಬ್ಬಳಿಗೆ ಗೊತ್ತಿತ್ತು, ಅವಳು ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ. ಇವತ್ತೊಂದು ದಿನ ಕಳೆದು ಹೆಂಡತಿ ಮರ್ಯಾದೆಯಿಂದ ಮಣ್ಣು ಸೇರಿದರೆ ಸಾಕು, ಆಮೇಲೆ ತನ್ನದು ಏನಾದರೂ ಆಗಲಿ ಎಂದುಕೊಂಡೇ ಅವನು ಉಗುರುಕತ್ತರಿ ಜೇಬಿಗೆ ಹಾಕಿಕೊಂಡು ಬಂದಿದ್ದ.

ಅಷ್ಟರಲ್ಲಿ ಬಾಗಿಲಿನಿಂದ ಕ್ಲೈವ್ ಆರ್ಮರಾಡ್ ಬಂದ. ಉತ್ತರ ಇಂಗ್ಲೆಂಡಿನ ಗಿರಣಿ ಊರಿನವನು, ಬಿಳಿಯ, ಅರವತ್ತು ದಾಟಿದವನು. ಎಳವೆಯಲ್ಲಿ ಕಾಲು ಸಲೀಸಾಗಿ ಜಾರಲೆಂದು ನೆಲಕ್ಕೆ ಪೌಡರು ಚೆಲ್ಲಿಕೊಂಡು ಇಂಥ ಹಾಡುಗಳಿಗೆ ಬೆಳಗಿನ ತನಕ ಕುಣಿಯುತ್ತಿದ್ದನಂತೆ. ಈಗ ಮಂಡಿನೋವು, ಆದ್ದರಿಂದ ಟೀಸಲ್ ಕಂಪನಿಯ ಚರಿತ್ರೆ ಬರೆಯುತ್ತಿದ್ದಾನೆ. ಆ ಕಂಪನಿ ಬದುಕಿದ್ದು ಏಳು ವರ್ಷ, ತೆಗೆದದ್ದು ಅರವತ್ತೆರಡು ರೆಕಾರ್ಡು. ಇವನು ಅದರ ಹಿಂದೆ ಬಿದ್ದು ಹದಿನೆಂಟು ವರ್ಷವಾಯಿತು.

"ಸ್ಪೀಕರ್ ಕೆಟ್ಟಿದೆ," ವಿಂಟನ್ ತಾನಾಗಿಯೇ ಹೇಳಿದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ಏನೂ ಯೋಚ್ನೆ ಮಾಡ್ಬೇಡಿ ಮಿಸ್ಟರ್ ಪಿನ್ನಾಕ್. ನಂದೇ ಯಂತ್ರ ತಂದಿದೀನಿ. ಸ್ಪೀಕರ್ ಸಮೇತ." ಆರ್ಮರಾಡ್ ಎರಡು ಪೆಟ್ಟಿಗೆ ಕೆಳಗಿಟ್ಟ. "ಇಂಥ ರೆಕಾರ್ಡ್ನ ಕಂಡೋರ ಯಂತ್ರಕ್ಕೆ ಕೊಡ್ತಾರಾ?"

ಕೈತೊಳೆದು, ಒರೆಸಿಕೊಂಡು, ಮಗುವನ್ನು ತೊಟ್ಟಿಲಿನಿಂದ ಎತ್ತುವ ಹಾಗೆ ಅವನು ರೆಕಾರ್ಡನ್ನು ಹೊರತೆಗೆದ. ಕಿತ್ತಳೆ ಬಣ್ಣದ ಲೇಬಲ್. ನಡುವೆ ಟೀಸಲ್ ಎಂಬ ಮುಳ್ಳುಹೂವಿನ ಚಿತ್ರ, ಪಕ್ಕದಲ್ಲಿ ನಲವತ್ತೊಂದು ಎಂಬ ನಂಬರು.

"ಒಂದು ಕೇಳ್ಬೇಕಿತ್ತು ನಿಮ್ಮನ್ನ. ಇಲ್ನೋಡಿ, ಹಾಡು ಮುಗಿದ ಮೇಲೆ ಗೆರೆ ಇಲ್ಲದ ಜಾಗ ಇದೆಯಲ್ಲ, ಇಲ್ಲಿ ರೆಕಾರ್ಡ್ ಕೊರೆಯೋ ಕಟಿಂಗ್ ಅಂಗಡಿಯೋನು ಸೂಜೀಲಿ ಏನೋ ಗೀಚಿದಾನೆ. ಬೆಳಕಿಗೆ ಹಿಡೀರಿ. ಇ, ಎಫ್. ಕಾಣ್ತಾ?"

ವಿಂಟನ್‌ಗೆ ಕಾಣಿಸಿತು. ಇಷ್ಟು ವರ್ಷ ಮನೆಯಲ್ಲೇ ಇದ್ದ ರೆಕಾರ್ಡು. ಒಂದು ದಿನವೂ ಅದನ್ನು ಬೆಳಕಿಗೆ ಹಿಡಿದು ನೋಡಿರಲಿಲ್ಲ.

"ನಂಗೆ ಗೊತ್ತಿಲ್ಲ," ಎಂದ.

"ನಂಗೆ ಗೊತ್ತಾಯ್ತು!" ಆರ್ಮರಾಡ್ ಹಿಗ್ಗಿ ಹೀರೇಕಾಯಿಯಾಗಿದ್ದ. "ಯೂನೆಟಾ ಫೇರ್‌ಕ್ಲಾ. ಯೂನೆಟಾ ಅಂತ ಬರೆಯೋದು ಇ ಇಂದ. ಹಿಂದೆ ದನಿಗೂಡಿಸಿದೋಳು ಇರ್ಬೇಕು, ಪಾಪ, ಎಲ್ಲೂ ಹೆಸರೇ ಇಲ್ಲ. ಲೆಸ್ಟರಲ್ಲಿದಾರೆ, ಬದುಕಿದಾರೆ! ಹೋದ ವಾರ ಫೋನ್ ಮಾಡಿ ವಿಷ್ಯ ತಿಳಿಸ್ದೆ. ಹನ್ನೊಂದು ಗಂಟೆ ಒಳಗೆ ಬರ್ತೀನಿ ಅಂದ್ರು."

ಚರ್ಚಿನ ಗೋಡೆಯ ಗಡಿಯಾರ ಹತ್ತೂ ಇಪ್ಪತ್ತು ತೋರಿಸುತ್ತಿತ್ತು.

*

ಲಂಡನ್ನಿನ ಸೋಹೋದಲ್ಲಿ ಕೊಡೆ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ, ಅದೇ ಅರವತ್ತೆಂಟರ ಟೀಸಲ್ ಕಂಪನಿ. ಮಾಲೀಕ ಕ್ವೆನೆಲ್ ಮೊದಲು ಪರದೆ ಬಟ್ಟೆ ಮಾರುತ್ತಿದ್ದವನು. ಜಮೈಕಾದಿಂದ ಬಂದವರ ಮಕ್ಕಳು ಚೆನ್ನಾಗಿ ಹಾಡುತ್ತಾರೆ, ಬಿಳಿಯರ ಮಕ್ಕಳು ಅದಕ್ಕೆ ಕುಣಿಯುತ್ತಾರೆ ಎಂಬುದನ್ನು ಅವನು ಬೇಗ ಕಂಡುಕೊಂಡಿದ್ದ. ವಿಂಟನ್ ಅಲ್ಲಿ ಟೇಪು ನೋಡಿಕೊಳ್ಳುವವನು. ಟೇಪು ಹಾಕುವುದು, ಸುತ್ತುವುದು, ಪೆಟ್ಟಿಗೆಯ ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ ಹೆಸರು ಬರೆಯುವುದು, ರಸ್ತೆಯಾಚೆಯ ಕಟಿಂಗ್ ಅಂಗಡಿಗೆ ಒಯ್ಯುವುದು. ಅಲ್ಲಿ ಟೇಪಿನ ಹಾಡನ್ನು ತಟ್ಟೆಗೆ ಕೊರೆಯುತ್ತಿದ್ದರು.

ಹೊಸ ಹಾಡು ಬಂದಾಗ ಆ ಕಸುಬಿನಲ್ಲಿ ಒಂದು ಪದ್ಧತಿ ಇತ್ತು. ಅನುಭವಸ್ಥಳೊಬ್ಬಳನ್ನು ಕರೆಸಿ ಮೊದಲು ಅವಳಿಂದ ಹಾಡಿಸುತ್ತಿದ್ದರು. ಅದಕ್ಕೆ ಗೈಡ್ ಎನ್ನುತ್ತಿದ್ದರು. ರೆಕಾರ್ಡಿಗೆ ಹಾಡುವವಳು ಅದನ್ನು ಕಿವಿಗಿಟ್ಟುಕೊಂಡು ಕೇಳಿ, ದಾರಿ ಹಿಡಿದು, ತನ್ನ ದನಿಯಲ್ಲಿ ಹಾಡಬೇಕು. ಗೈಡಿನವಳು ಕಾಗದಕ್ಕೆ ಸಹಿ ಹಾಕಿ ಹೋಗಿಬಿಡುತ್ತಾಳೆ. ಅವಳ ಟೇಪನ್ನು ಯಾರೂ ಇಟ್ಟುಕೊಳ್ಳುವುದಿಲ್ಲ.

ಆ ದಿನ ಬೆಳಿಗ್ಗೆ ಯೂನೆಟಾ ಫೇರ್‌ಕ್ಲಾ ಬಂದು, ಕೋಟನ್ನೂ ಬಿಚ್ಚದೆ ಒಂದೇ ಸಲ ಹಾಡಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು. ಮಧ್ಯಾಹ್ನ ಐಸಿಲ್ಡ ಬಂದಳು. ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಇಪ್ಪತ್ತನಾಲ್ಕರ ಹುಡುಗಿ. ಫೋಟೋ ತೆಗೆಸಿ ಆಗಿತ್ತು. ಅವಳ ಹೆಸರಿನ ಕಿತ್ತಳೆ ಲೇಬಲ್ಲುಗಳು ಅಚ್ಚಾಗಿ ರೆಕಾರ್ಡು ಒತ್ತುವ ಕಾರ್ಖಾನೆಯ ಒಲೆಯಲ್ಲಿ ಒಣಗುತ್ತಿದ್ದವು. ಏಳು ಸಲ ಹಾಡಿದಳು. ಏಳು ಸಲವೂ ಒಂದೇ ಜಾಗದಲ್ಲಿ ದನಿ ಒಡೆಯಿತು.

"ಅಂಚು ಚಕ್ಕೆ ಎದ್ದ ಚಹಾ ಕಪ್ಪಿನ ಹಾಗಿದೆ ಇವಳ ದನಿ," ಎಂದ ಕ್ವೆನೆಲ್. "ಐದನೇದನ್ನ ಕಟಿಂಗ್‌ಗೆ ಕೊಡು, ವಿಂಟನ್. ತಟ್ಟೆ ಮೇಲೆ ಕೇಳಿ ನೋಡ್ತೀನಿ. ಆಗಲಿಲ್ವಾ, ಲೇಬಲ್ ಕಸಕ್ಕೆ, ಹುಡುಗಿ ಸೋಪಿನ ನೀರಿಗೆ."

ಪೆಟ್ಟಿಗೆ ಹಿಡಿದು ಇಳಿಯುವಾಗ ಅವಳು ಮೆಟ್ಟಿಲಲ್ಲಿ ಕೂತಿದ್ದಳು. ಒಂದು ಬೂಟು ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು. ವಿಂಟನ್ ಆಗ ನಾಲ್ಕು ತಿಂಗಳಿನಿಂದ ಅವಳ ಜೊತೆ ಮಾತಾಡಲು ನೆಪ ಹುಡುಕುತ್ತಿದ್ದ.

"ಚೆನ್ನಾಗಿತ್ತಾ?" ಎಂದು ಕೇಳಿದಳು.

"ಚೆನ್ನಾಗಿತ್ತು."

"ಸುಳ್ಳು ಹೇಳಿದ್ರೆ ನಾಲಿಗೆ ಬಿದ್ದೋಗತ್ತೆ ನೋಡು."

ಅವನು ಕೆಳಗಿನ ತನಕ ಹೋದ. ಕೊಡೆ ಮರೆತೆ ಎಂದು ಹೇಳಿ ಮತ್ತೆ ಮೇಲೆ ಬಂದ. ಕೊಡೆ ಅಂಗಡಿಯ ಮೇಲೆ ಕೆಲಸ ಮಾಡುವವನು ಕೊಡೆ ಮರೆತನೆಂದರೆ ಯಾರಾದರೂ ನಗಬೇಕಿತ್ತು, ಕೋಣೆಯಲ್ಲಿ ಯಾರೂ ಇರಲಿಲ್ಲ. ಬೆಳಗಿನ ಪೆಟ್ಟಿಗೆ ತೆಗೆದುಕೊಂಡ. ಬೆನ್ನಿನ ಮೇಲಿನ ಹೆಸರನ್ನು ರಬ್ಬರಿನಿಂದ ಒರೆಸಿ 'ಐಸಿಲ್ಡ, ಐದು' ಎಂದು ಬರೆದ. ಒಳಗೆ ಟೇಪಿನ ಬಿಳಿಯ ತುದಿಯ ಮೇಲೆ ಕೂಡ ಇ, ಎಫ್ ಎಂಬ ಎರಡಕ್ಷರ ಇದ್ದವು. ಅದನ್ನು ಬಿಚ್ಚಿ ನೋಡಬೇಕೆಂದು ಅವನಿಗೆ ಹೊಳೆಯಲೇ ಇಲ್ಲ.

ಮಾರನೆಯ ದಿನ ತಟ್ಟೆ ಕೇಳಿದ ಕ್ವೆನೆಲ್ ಎರಡನೆಯ ಸಾಲಿಗೇ ತಲೆ ಎತ್ತಿದ. ಕಿವಿ ಇದ್ದ ಮನುಷ್ಯ. ಹಾಡು ಮುಗಿಯುವ ತನಕ ವಿಂಟನ್‌ನನ್ನೇ ನೋಡಿದ, ಆಮೇಲೆ ನಕ್ಕ.

"ಕಟಿಂಗ್ ಅಂಗಡೀಲಿ ಏನೋ ಅದಲುಬದಲು ಆಗಿದೆ ಅನ್ಸತ್ತೆ. ಒಳ್ಳೇದೇ ಆಯ್ತು. ಇನ್ಮೇಲೆ ಐಸಿಲ್ಡ ದನಿ ಇದೇ. ಆ ಇನ್ನೊಂದು ಟೇಪ್ ಅಳಿಸ್ಬಿಡು, ನಾಳೆ ಬೇಕು."

ಟೇಪು ದುಬಾರಿ, ಅಳಿಸಿ ಮತ್ತೆ ಬಳಸುವುದು ಅಲ್ಲಿಯ ರೂಢಿ. ವಿಂಟನ್ ಐಸಿಲ್ಡಳ ಟೇಪನ್ನು ಯಂತ್ರಕ್ಕೆ ಹಾಕಿ ಗುಂಡಿ ಒತ್ತಿದ. ಅಳಿಸುವಾಗ ಸದ್ದು ಬರುವುದಿಲ್ಲ. ಚಕ್ರ ಎರಡೂ ಸುಮ್ಮನೆ ತಿರುಗುತ್ತಿದ್ದವು, ಅವನು ಪಕ್ಕದಲ್ಲಿ ನಿಂತು ಚಹಾ ಕುಡಿದ.

*

ಹನ್ನೊಂದಕ್ಕೆ ಶವಪೆಟ್ಟಿಗೆ ಚರ್ಚಿನ ಒಳಗೆ ಬಂತು. ಮುಚ್ಚಳ ತೆಗೆದರು. ನೇರಳೆ ಟೋಪಿ ಹಾಕಿಕೊಂಡು ಐಸಿಲ್ಡ ಯಾರ ಮೇಲೋ ಸಣ್ಣಗೆ ಮುನಿಸಿಕೊಂಡವಳಂತೆ ಮಲಗಿದ್ದಳು. ಜನ ಸಾಲಾಗಿ ಬಂದು ನೋಡಿ ಹೋಗುತ್ತಿದ್ದರು. ವಿಂಟನ್ ಮುಂದಿನ ಬೆಂಚಿನಲ್ಲಿ ಕೂತು, ಹೆಂಡತಿಯ ಮುಖ ಬಿಟ್ಟು ಬಾಗಿಲನ್ನೇ ನೋಡುತ್ತಿದ್ದ. ಬಸ್ಸು ತಪ್ಪಲಿ, ಕಾಲು ಉಳುಕಲಿ, ದೇವರೇ, ಮುದುಕಿಗೆ ಒಂದು ನೆಗಡಿಯಾದರೂ ಬರಲಿ ಎಂದು ಬೇಡಿಕೊಂಡ.

ಅವಳು ಬಂದಳು. ಬೂದು ಕೋಟು, ಕೈಯಲ್ಲಿ ಕೋಲು. ಹಾಡುವ ಕೋಣೆಯ ಗಾಜಿನಾಚೆ ಒಂದೇ ದಿನ ಕಂಡವಳು, ಆದರೂ ನಡಿಗೆಯಲ್ಲೇ ಗುರುತು ಸಿಕ್ಕಿತು. ಪೆಟ್ಟಿಗೆಯ ಹತ್ತಿರ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತಳು. ಬಾಗಿ, ಐಸಿಲ್ಡಳ ಬಾಯಿಯನ್ನು ನೋಡಿದಳು. ಮುಖ ಅಲ್ಲ, ಬಾಯಿ. ಆಮೇಲೆ ಬಂದು ವಿಂಟನ್‌ನ ಹಿಂದಿನ ಬೆಂಚಿನಲ್ಲೇ ಕೂತಳು. ಅವಳ ಉಸಿರು ಅವನ ಕುತ್ತಿಗೆಗೆ ತಾಗುತ್ತಿದ್ದ ಹಾಗೆ ಅನ್ನಿಸಿತು.

ಸಿಸ್ಟರ್ ಕ್ಲಾರಿಸ್ ಎದ್ದು ಮಾತಿಗೆ ನಿಂತಳು. ಚರ್ಚಿನ ಹಾಡುಮೇಳ ನಡೆಸುವವಳು. ಬಾಯಿ ಜೋರು, ಮನಸ್ಸು ಮೆದು.

"ನಲವತ್ತು ವರ್ಷ ಕೇಳ್ದೆ ಇವಳನ್ನ, ಬಾರೇ ಮೇಳಕ್ಕೆ ಅಂತ. ಬರಲಿಲ್ಲ. ರೇಡಿಯೋದಲ್ಲಿ ಹಾಡಿದ ಬಾಯಿ, ನಮ್ಮ ಮುರುಕಲು ಆರ್ಗನ್ ಜೊತೆ ಯಾಕೆ ಹಾಡತ್ತೆ ಅಂತ ನಾನೇ ಹಂಗಿಸಿದ್ದೂ ಉಂಟು. ಕೀರ್ತನೆ ಹೇಳುವಾಗ ಪಕ್ಕ ನಿಂತು ಕಿವಿ ಕೊಡ್ತಿದ್ದೆ. ಏನೂ ಕೇಳ್ತಿರಲಿಲ್ಲ! ತುಟಿ ಮಾತ್ರ ಆಡಿಸ್ತಿದ್ಲು. ಆಮೇಲೆ ಅರ್ಥ ಆಯ್ತು ನಂಗೆ. ಲೋಕದ ಹಾಡು ಹಾಡ್ದೆ ಅಂತ ಪಶ್ಚಾತ್ತಾಪಪಟ್ಟು ದನೀನೇ ದೇವರಿಗೆ ಮುಡಿಪು ಕೊಟ್ಬಿಟ್ಟಿದ್ಲು."

"ಆಮೆನ್!" ಎಂದರು ಜನ.

ಹಿಂದಿನ ಬೆಂಚಿನಲ್ಲಿ ಯಾರೋ ಮೂಗಿನಲ್ಲಿ ಸಣ್ಣಗೆ ಉಸಿರು ಬಿಟ್ಟರು. ನಗುವೋ ನಿಟ್ಟುಸಿರೋ ಗೊತ್ತಾಗಲಿಲ್ಲ. ತಿರುಗಿ ನೋಡುವ ಧೈರ್ಯ ವಿಂಟನ್‌ಗೆ ಇರಲಿಲ್ಲ.

ಪಾದ್ರಿಯ ಪ್ರಸಂಗವೂ ಮುಗಿಯಿತು. ಆರ್ಮರಾಡ್ ಸೂಜಿ ಇಳಿಸಿದ. ಚರಚರ ಸದ್ದು, ಡ್ರಮ್ಮು, ಆಮೇಲೆ ಆ ದನಿ. ನುಣ್ಣಗೆ, ಎಲ್ಲೂ ತಡವರಿಸದೆ, ಮೇಲಕ್ಕೇರಿ ಅಲ್ಲೊಂದು ಸಣ್ಣ ತಿರುವು ತೆಗೆದುಕೊಂಡು ಇಳಿಯುವ ದನಿ. ಚರ್ಚಿನ ತುಂಬ ಜನ ಎದ್ದು ನಿಂತರು. ಅಯೋನಿ ಅಪ್ಪನ ಕೈ ಹಿಡಿದುಕೊಂಡು ಅಳುತ್ತಿದ್ದಳು. "ಅಮ್ಮ," ಎನ್ನುತ್ತಿದ್ದಳು, "ಕೇಳು ಅಪ್ಪ, ಅಮ್ಮ."

ಎರಡು ನಿಮಿಷ ನಲವತ್ತು ಸೆಕೆಂಡು. ಈಗ ಎದ್ದು ನಿಲ್ಲುತ್ತಾಳೆ, ಈಗ ಬಾಯಿ ಬಿಡುತ್ತಾಳೆ ಎಂದು ಕಾಯುತ್ತ ವಿಂಟನ್ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದ. ಹಿಂದೆ ಕೋಲು ನೆಲಕ್ಕೆ ಒಂದು ಸಲ ತಾಗಿತು. ಅಷ್ಟೇ. ಹಾಡು ಮುಗಿಯಿತು.

*

ಕಟಿಂಗ್ ಅಂಗಡಿಯಲ್ಲಿ ಅದಲುಬದಲಾಯಿತು ಎಂದೇ ಅವನು ಐಸಿಲ್ಡಳಿಗೂ ಹೇಳಿದ್ದು. ರೇಡಿಯೋದಲ್ಲಿ ಮೊದಲ ಸಲ ಕೇಳಿದಾಗ ಅವಳು ಬಟ್ಟೆ ಕಾರ್ಖಾನೆಯ ಹುಡುಗಿಯರ ನಡುವೆ ಕೂತಿದ್ದಳು. ಅವರೆಲ್ಲ ಕಿರುಚಿ ಅವಳನ್ನು ಎತ್ತಿ ಕುಣಿಸಿದರಂತೆ. ಬಾಯಿ ಬಿಟ್ಟು ಇದು ನಾನಲ್ಲ ಎನ್ನುವಷ್ಟರಲ್ಲಿ ಹೊತ್ತು ಮೀರಿತ್ತು. ಆಮೇಲೆ ಕ್ವೆನೆಲ್ ಹೇಳಿದ ಕಡೆಯೆಲ್ಲ ರೆಕಾರ್ಡಿಗೆ ತುಟಿ ಆಡಿಸಿದಳು. ಅದರಲ್ಲಿ ಪಳಗಿಬಿಟ್ಟಳು. ಕಂಪನಿ ಬಾಗಿಲು ಹಾಕಿದ ವರ್ಷ ಇಬ್ಬರೂ ಮದುವೆಯಾದರು.

ಒಮ್ಮೆ, ಅಯೋನಿ ಎಳೆಗೂಸಾಗಿದ್ದಾಗ, ಎಷ್ಟು ತಟ್ಟಿದರೂ ಮಲಗದೆ ಅಳುತ್ತಿತ್ತು. "ಒಂದು ಜೋಗುಳ ಹಾಡಬಾರ್ದಾ?" ಎಂದ ವಿಂಟನ್.

"ಗೋಡೆ ತೆಳ್ಳಗಿದೆ."

"ಇದ್ರೇನೀಗ?"

"ಪಕ್ಕದ ಮನೆ ಮಿಸೆಸ್ ಡಾಕ್ರೆಸ್ ಹತ್ರ ಆ ರೆಕಾರ್ಡಿದೆ. ದಿನಾ ಹಾಕ್ತಾಳೆ. ನನ್ ದನಿ ಕೇಳಿದ್ರೆ ಇದ್ಯಾರಪ್ಪ ಇನ್ನೊಬ್ಳು ಅನ್ನಲ್ವಾ?" ಮಗುವನ್ನು ಹೆಗಲು ಬದಲಾಯಿಸಿದಳು. "ಆ ಕಟಿಂಗ್ ಅಂಗಡಿಯೋನ ಕೈ ಸೇದಿಹೋಗ್ಲಿ. ನನ್ ಗಂಟಲಿಗೆ ಬೀಗ ಹಾಕ್ಬಿಟ್ಟ ಕಣೋ ಅವನು."

ಆ ಶಾಪವನ್ನು ಅವಳು ಮರೆಯಲಿಲ್ಲ. ಕೈ ಸುಟ್ಟುಕೊಂಡರೆ, ಮೀನು ಸೀದರೆ, ಚರ್ಚಿನಲ್ಲಿ ಯಾರಾದರೂ ಹಾಡು ಎಂದು ಪೀಡಿಸಿದರೆ, ಕಟಿಂಗ್ ಅಂಗಡಿಯವನಿಗೆ ಒಂದು ಬೈಗುಳ ಮೀಸಲು. ವಿಂಟನ್ ಎದುರಿಗೆ ಕೂತು ಅನ್ನ ಉಣ್ಣುತ್ತ ಹೂಂಗುಟ್ಟುತ್ತಿದ್ದ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದ. ಹೇಳಿದರೆ ತನ್ನನ್ನು ಬಿಟ್ಟು ಹೋಗಿಬಿಡುತ್ತಾಳೆ ಎಂದು ಭಯ. ಆ ಭಯದಲ್ಲೇ ಒಂದು ಸಂಸಾರ ನಡೆದುಹೋಯಿತು, ಅದೂ ಸುಖದ ಸಂಸಾರವೇ. ಅವಳು ನಗುತ್ತಿದ್ದಳು, ಜಗಳವಾಡುತ್ತಿದ್ದಳು, ಕ್ರಿಸ್ಮಸ್ಸಿಗೆ ಬೀದಿಗೆಲ್ಲ ಕೇಕು ಹಂಚುತ್ತಿದ್ದಳು. ಹಾಡು ಮಾತ್ರ ಇರಲಿಲ್ಲ.

*

ಸ್ಮಶಾನದಲ್ಲಿ ಗಾಳಿ ಕೊರೆಯುತ್ತಿತ್ತು. ಜಮೈಕಾದವರು ಮಣ್ಣು ಮುಚ್ಚುವುದನ್ನು ಸ್ಮಶಾನದ ಕೂಲಿಗಳಿಗೆ ಬಿಡುವುದಿಲ್ಲ. ಗಂಡಸರು ಕೋಟು ಬಿಚ್ಚಿ ಗುದ್ದಲಿ ಹಿಡಿಯುತ್ತಾರೆ, ಹೆಂಗಸರು ಸುತ್ತ ನಿಂತು ಹಾಡುತ್ತಾರೆ. ಗುಂಡಿ ತುಂಬಿ ದಿಬ್ಬವಾಗುವ ತನಕ ಹಾಡು ನಿಲ್ಲಬಾರದು. ಸಿಸ್ಟರ್ ಕ್ಲಾರಿಸ್ ಮೊದಲ ಸಾಲು ಎತ್ತಿದಳು.

ಪೆಟ್ಟಿಗೆ ಮಣ್ಣಿನಲ್ಲಿ ಮರೆಯಾದಾಗ ವಿಂಟನ್ ಮೊದಲ ಸಲ ಉಸಿರಾಡಿದ. ಇನ್ನರ್ಧ ಗಂಟೆ. ಆಮೇಲೆ ಸಭಾಂಗಣದಲ್ಲಿ ಆಡಿನ ಸಾರು, ಅನ್ನ, ನಾಲ್ಕು ಮಾತು. ಮುದುಕಿ ಲೆಸ್ಟರಿನ ಬಸ್ಸು ಹತ್ತಿ ಹೋಗುತ್ತಾಳೆ. ಬಹುಶಃ ಅವಳಿಗೂ ಮರೆತಿರಬಹುದು.

"ವಿಂಟನ್."

ಯೂನೆಟಾ ಪಕ್ಕದಲ್ಲಿ ನಿಂತಿದ್ದಳು. ಅವನ ಇನ್ನೊಂದು ಪಕ್ಕದಲ್ಲಿ ಅಯೋನಿ.

"ಟೇಪ್ ನೋಡ್ಕೋತಿದ್ದೋನು ನೀನೇ ಅಲ್ವಾ? ಹೆದರ್ಬೇಡ. ನಾನು ಜಗಳಕ್ಕೆ ಬಂದಿಲ್ಲ. ಜಗಳ ಆಗ್ಲೇ ಆಯ್ತು, ಅರವತ್ತೆಂಟರಲ್ಲಿ, ನಿಮ್ಮ ಕ್ವೆನೆಲ್ ಹತ್ರ. ಸಹಿ ಹಾಕಿದೀಯ, ದನಿ ಕಂಪನೀದು ಅಂದ. ಲೆಸ್ಟರಿಗೆ ಹೋಗಿ ಮೂವತ್ತು ವರ್ಷ ಕಾಲುಚೀಲ ಹೊಲಿದೆ. ಚರ್ಚಲ್ಲಿ ಹಾಡಿದೆ, ಅಡಿಗೆಮನೇಲಿ ಹಾಡಿದೆ. ನಂಗೇನೂ ಕಮ್ಮಿಯಾಗ್ಲಿಲ್ಲ."

"ಈಗ ಬೇಡ," ವಿಂಟನ್ ಪಿಸುಗುಟ್ಟಿದ. "ದಮ್ಮಯ್ಯ."

"ಒಂದೇ ಒಂದು ತಿಳ್ಕೊಳ್ಳೋಕೆ ಬಂದೆ. ಅವಳು ಹೇಗೆ ಹಾಡಿದ್ಲು? ನಂದನ್ನ ಹಾಕ್ಬೇಕಾದ್ರೆ ಅವಳದ್ದು ಅಷ್ಟು ಕೆಟ್ಟದಾಗಿತ್ತಾ?"

"ಏನ್ ಹೇಳ್ತಿದಾರೆ ಇವ್ರು?" ಎಂದಳು ಅಯೋನಿ.

ಇಷ್ಟು ವರ್ಷ ಹೆದರಿದ್ದು ಇದೇ ಮಾತಿಗೆ. ಮುದುಕಿಗೆ ಅರಳುಮರಳು ಎಂದುಬಿಡಬಹುದಿತ್ತು. ಅಯೋನಿ ನಂಬುತ್ತಿದ್ದಳು, ಕೈ ಹಿಡಿದು ಅವಳನ್ನು ಕಾರಿನ ತನಕ ಬಿಟ್ಟು ಬರುತ್ತಿದ್ದಳು ಕೂಡ. ವಿಂಟನ್ ಆ ಮಾತನ್ನು ನಾಲಿಗೆಯ ತುದಿಗೆ ತಂದ. ಆದರೆ ಯೂನೆಟಾಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನು ಸುಳ್ಳು ಹೇಳುತ್ತಿದ್ದ.

"ಅಯೋನಿ, ಆ ರೆಕಾರ್ಡಲ್ಲಿರೋದು ನಿಮ್ಮಮ್ಮ ಅಲ್ಲ. ಇವ್ರು."

"ಅಪ್ಪ, ನಿಂಗೆ ಹುಷಾರಿಲ್ಲ. ಬಾ, ಕೂತ್ಕೋ."

"ಅಮ್ಮನ ಟೇಪ್ ತೆಗ್ದು ಇವರದ್ದು ಇಟ್ಟೋನು ಕಟಿಂಗ್ ಅಂಗಡಿಯೋನಲ್ಲ. ನಾನು. ಅವಳನ್ನ ಮತ್ತೆ ಬಟ್ಟೆ ಒಗಿಯಕ್ಕೆ ಕಳಿಸ್ತಾರಲ್ಲ ಅಂತ ಹೊಟ್ಟೆ ಉರೀತು. ಒಳ್ಳೇದು ಮಾಡ್ತಿದೀನಿ ಅಂದ್ಕೊಂಡೆ. ಅಮ್ಮಂಗೆ ಕೊನೇವರೆಗೂ ಹೇಳ್ಲಿಲ್ಲ."

ಹತ್ತಿರದಲ್ಲಿದ್ದ ನಾಲ್ಕಾರು ಹೆಂಗಸರ ಹಾಡು ನಿಂತಿತು. ಅದನ್ನು ಕೇಳಿ ಅವರಾಚೆಯವರದ್ದೂ ನಿಂತಿತು. ಸಿಸ್ಟರ್ ಕ್ಲಾರಿಸ್ ಒಬ್ಬಳೇ ಅರ್ಧ ಸಾಲು ಎಳೆದು, ಸುತ್ತ ನೋಡಿ, ಬಾಯಿ ಮುಚ್ಚಿದಳು. "ಹಾಗಾದ್ರೆ ತುಟಿ..." ಎಂದಳು.

ಅಯೋನಿ ಅಪ್ಪನ ಕೈ ಬಿಟ್ಟಳು. ಅವನು ಅಂದುಕೊಂಡಿದ್ದ ಹಾಗೆ ಕೂಗಲಿಲ್ಲ, ತಿರುಗಿ ಹೋಗಲಿಲ್ಲ. ಗುಂಡಿಯನ್ನೇ ನೋಡಿದಳು.

"ನಾನು ಚಿಕ್ಕೋಳಿದ್ದಾಗ ಆ ರೆಕಾರ್ಡ್ ಹಾಕ್ಕೊಂಡು ಮಲಗ್ತಿದ್ದೆ," ಎಂದಳು. "ಅಮ್ಮ ಹಾಡ್ತಿದಾಳೆ ಅಂತ." ಆಮೇಲೆ, "ಅಮ್ಮನ ಟೇಪ್ ಎಲ್ಲಿ?"

"ಅಳಿಸ್ದೆ."

"ಯಾರು?"

"ನಾನೇ."

"ಹಾಗಾದ್ರೆ ಅಮ್ಮ ಹಾಡಿದ್ದನ್ನ ಕೇಳಿರೋರು ಯಾರಿದಾರೆ ಈಗ?"

ಕ್ವೆನೆಲ್ ಸತ್ತು ಮೂವತ್ತು ವರ್ಷ. ಡ್ರಮ್ಮಿನವನು, ಗಿಟಾರಿನವನು, ಎಲ್ಲರೂ ಹೋದರು. ಆ ಮಧ್ಯಾಹ್ನ ಆ ಕೋಣೆಯಲ್ಲಿದ್ದವರಲ್ಲಿ ಉಳಿದವನು ಇವನೊಬ್ಬ.

"ಹಾಡಿ ತೋರ್ಸು," ಎಂದಳು ಅಯೋನಿ.

"ನಂಗೆಲ್ಲಿ ಹಾಡಕ್ಕೆ ಬರತ್ತೆ, ಮಗಳೇ?"

"ಹೆಂಗೆ ಬಂದ್ರೂ ಸರಿ. ಅಮ್ಮ ಹೇಗೆ ಹಾಡಿದ್ಲೋ ಹಾಗೆ. ಇದೊಂದು ಮಾಡು ನಂಗೆ. ಆಮೇಲೆ ನಿನ್ ಜೊತೆ ಮಾತಾಡ್ತೀನೋ ಇಲ್ವೋ ನೋಡೋಣ."

ಗಂಡಸರು ಗುದ್ದಲಿ ಊರಿ ನಿಂತರು. ವಿಂಟನ್ ಕಣ್ಣು ಮುಚ್ಚಿದ. ಕೋಣೆ ಕಂಡಿತು, ಗಾಜು ಕಂಡಿತು, ಐಸಿಲ್ಡಳ ಹಳದಿ ಬಟ್ಟೆ, ಕಿವಿಯ ಮೇಲಿನ ದೊಡ್ಡ ಹೆಡ್‌ಫೋನು, ಅವಳ ಬಾಯಿ ತೆರೆದುಕೊಂಡದ್ದು, ಎಲ್ಲ ಕಂಡಿತು. ಮೊದಲ ಸಾಲು ಹಾಡಿದ. ಮೇಲಕ್ಕೇರಿ, ಸಣ್ಣ ತಿರುವು ತೆಗೆದುಕೊಂಡು, ಇಳಿದ.

"ಆ ತಿರುವು ನಂದು," ಎಂದಳು ಯೂನೆಟಾ ಮೆಲ್ಲಗೆ.

ವಿಂಟನ್ ಕಣ್ಣು ಬಿಟ್ಟ. ಮತ್ತೆ ಮುಚ್ಚಿದ. ಏಳು ಸಲ ಒಡೆದ ಆ ಜಾಗ ಯಾವುದು, ಎಲ್ಲಿ, ಯಾವ ಅಕ್ಷರದಲ್ಲಿ? ಐಸಿಲ್ಡಳ ಬಾಯಿ ಎದುರಿಗೇ ಇತ್ತು, ತೆರೆದುಕೊಳ್ಳುತ್ತಿತ್ತು, ಮುಚ್ಚುತ್ತಿತ್ತು, ದನಿ ಮಾತ್ರ ಕೇಳಿಸುತ್ತಿರಲಿಲ್ಲ. ಹಾಡಿದ.

"ಅದೂ ನಂದೇ ಕಣಪ್ಪ."

ಅಯೋನಿ ಹತ್ತಿರ ಬಂದು, ಗಾಳಿಗೆ ಹಾರುತ್ತಿದ್ದ ಕೂದಲನ್ನು ಒಂದು ಕೈಯಲ್ಲಿ ಹಿಂದಕ್ಕೆ ಹಿಡಿದು, ತನ್ನ ಕಿವಿಯನ್ನು ಅಪ್ಪನ ತುಟಿಗೆ ತಾಗುವಷ್ಟು ಹತ್ತಿರ ತಂದು ನಿಂತಳು.

"ಇನ್ನೊಂದ್ಸಲ," ಎಂದಳು.